ಮಾತಾಡಿಸದವನ ವೆಬ್‌ಸೈಟು

ಬುಕ್ಕಸಾಗರದಲ್ಲಿ ಪ್ರವಾಸಿಗರಿಗೆಂದು ನಾನೂ ರೂಮು ಕಟ್ಟಿಸಿದ್ದೇನೆ, ಪಕ್ಕದ ಗದ್ದೆಯ ಬಸಣ್ಣನೂ ಕಟ್ಟಿಸಿದ್ದಾನೆ. ಹಂಪಿ ನೋಡಲು ಬಂದವರು ನನ್ನ ಗೇಟು ದಾಟಿಕೊಂಡು ಅವನಲ್ಲಿಗೇ ಹೋಗುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು. ಅವನಿಗೆ ವೆಬ್‌ಸೈಟ್ ಇದೆ ಎಂದು ತಿಳಿದು, ಅದನ್ನು ಮಾಡಿಕೊಟ್ಟ ಹೊಸಪೇಟೆಯ ಹೆಣ್ಣುಮಗಳನ್ನೇ ಕರೆಸಿದೆ.

"ಬಸಣ್ಣಂದು ಹೆಂಗೈತಿ, ಹಂಗ ಮಾಡವ್ವ," ಎಂದೆ.

"ಹಂಗ ಮಾಡಿದ್ರ ನಿಮ್ಮದು ನೋಡಿದವರೂ ಅಲ್ಲಿಗೇ ಹೋಗ್ತಾರ್ರಿ ಅಜ್ಜಾರ. ಅವರ ಫೋಟೋದಾಗ ಬಸಣ್ಣೋರು ಕಟ್ಟಿ ಮ್ಯಾಲೆ ಕುಂತು ಎಲ್ಲಾರ ಜೋಡಿ ಹರಟಿ ಹೊಡೀತಾರ. ನೀವು ಬಂದವರ ಹತ್ರ ಏನ್ ಮಾತಾಡ್ತೀರಿ?"

"ಕೀಲಿ ಕೊಡ್ತೀನಿ."

"ಆಮ್ಯಾಲೆ?"

"ಹೋಗೋವಾಗ ಇಸ್ಕೋತೀನಿ."

ಆಕೆ ಜೋರಾಗಿ ನಕ್ಕಳು. ನನಗೆ ಸಿಟ್ಟು ಬಂತು. ವಾರ ಬಿಟ್ಟು ತಂದು ತೋರಿಸಿದ ಸೈಟಿನಲ್ಲಿ ಮೊದಲ ಸಾಲೇ ಹೀಗಿತ್ತು: "ಇಲ್ಲಿ ನಿಮ್ಮನ್ನು ಯಾರೂ ಮಾತಾಡಿಸುವುದಿಲ್ಲ." ಕೆಳಗೆ ಭತ್ತದ ಗದ್ದೆ, ಅದರ ಮುಂದೆ ಒಂದು ಖಾಲಿ ಕುರ್ಚಿ.

"ಬೈದಂಗೈತಿ. ತೆಗಿ."

"ಸ್ವಲ್ಪ ದಿನ ಇರ್ಲಿ ಬಿಡ್ರಿ. ಯಾರೂ ಬರಲಿಲ್ಲಂದ್ರ ನಾನ ತೆಗೀತೀನಿ."

ತೆಗೆಯಬೇಕಾಗಲಿಲ್ಲ. ಈಗ ನನ್ನ ರೂಮುಗಳು ಖಾಲಿ ಇರುವುದೇ ಇಲ್ಲ. ದಣಿದವರು ದೂರದಿಂದ ಬಂದು, ಕೀಲಿ ಇಸಿದುಕೊಂಡು, ತೆಪ್ಪಗೆ ಮಲಗುತ್ತಾರೆ. ಸಂಜೆ ಎದ್ದು, ಹೊತ್ತು ಹೋಗದೆ, ಬಸಣ್ಣನ ಕಟ್ಟೆಗೆ ಹೋಗಿ ಕೂರುತ್ತಾರೆ.

ಬಾಡಿಗೆ ನನಗೇ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅವರು ಅಷ್ಟು ನಗುವಂಥದ್ದನ್ನು ಆ ಬಸಣ್ಣ ಏನು ಹೇಳುತ್ತಾನೋ, ನನ್ನ ಬೇಲಿಯ ತನಕ ಬಂದು ನಿಂತರೂ ಸರಿಯಾಗಿ ಕೇಳಿಸುವುದಿಲ್ಲ.