ಬ್ಯಾಟ್ ಬಿಟ್ಟು ಓಡುವ ಪಾಠ

ಅಬುಧಾಬಿಯ ಅಲ್ ಮೀನಾದ ಮೀನು ಮಾರ್ಕೆಟ್ಟಿನಲ್ಲಿ ಅಂಜಲ್ ಆರಿಸುತ್ತಿದ್ದೆ. ಹಿಂದಿನಿಂದ ಯಾರೋ, “ಟೀಚರ್, ಮೊಣಕೈ ಮೇಲೆ!” ಎಂದರು. ತಿರುಗಿದರೆ ನಲವತ್ತು ದಾಟಿದ ಹೆಂಗಸು, ನಗುತ್ತ ನಿಂತಿದ್ದಾಳೆ. ಇಲ್ಲಿನ ಸ್ಕೂಲೊಂದರಲ್ಲಿ ನಾನು ಪಿ.ಟಿ. ಟೀಚರ್ ಆಗಿದ್ದಾಗ ನನ್ನ ಬೇಸ್‌ಬಾಲ್ ಟೀಮಿನಲ್ಲಿದ್ದ ಹುಡುಗಿ. ಹೆಸರು ಹೊಳೆಯಲಿಲ್ಲ. ಚೆಂಡೆಸೆಯುವಾಗ ಅವಳ ಮೊಣಕೈ ಕೆಳಗೆ ಜಾರುತ್ತಿದ್ದದ್ದು, ನಾನು ಹಾಗೆ ಕೂಗುತ್ತಿದ್ದದ್ದು ಮಾತ್ರ ಥಟ್ಟನೆ ನೆನಪಾಯಿತು.

ಈಗ ಅವಳೇ ಮಕ್ಕಳ ಬೇಸ್‌ಬಾಲ್ ಟೀಮೊಂದಕ್ಕೆ ಕೋಚ್ ಅಂತೆ. ಕೇಳಿ, ಕೈಲಿದ್ದ ಅಂಜಲನ್ನು ತೂಕಕ್ಕೆ ಕೊಡುವುದನ್ನೇ ಮರೆತೆ, ಸಿಲ್ಲಿ ಓಲ್ಡ್ ವುಮನ್. ನನಗೆ ಈ ಆಟ ಕಲಿಸಿದ್ದು ಮಂಗಳೂರಿನ ಕಾನ್ವೆಂಟಿನ ಒಬ್ಬ ಸಿಸ್ಟರ್. ಕ್ಲಾಸಿನಲ್ಲಿ ಪಿಸುಮಾತಿಗೂ ಗದರುವವರು, ಮೈದಾನಕ್ಕಿಳಿದರೆ “ರನ್, ಗರ್ಲ್, ರನ್!” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಹೆಣ್ಣುಮಗುವಿಗೆ ಮನೆಯಲ್ಲಿ ಎಲ್ಲರೂ ‘ಮೆಲ್ಲ, ಮೆಲ್ಲ’ ಎನ್ನುತ್ತಿದ್ದ ಕಾಲ. ಓಡು ಎಂದ ಮೊದಲ ಹಿರಿಯರು ಅವರು.

“ಟೀಚರ್, ಒಂದು ಉಪಕಾರ ಆಗ್ಬೇಕು,” ಎಂದಳು ನನ್ನ ಹಳೆಯ ವಿದ್ಯಾರ್ಥಿನಿ. “ನನ್ನ ಮಗಳೂ ಟೀಮಲ್ಲಿ ಉಂಟು. ಮೂರು ಮ್ಯಾಚ್ ಆಯ್ತು, ಒಮ್ಮೆಯೂ ಫಸ್ಟ್ ಬೇಸ್ ಮುಟ್ಲಿಲ್ಲ. ಈ ಶನಿವಾರವೂ ಆಗದಿದ್ರೆ ಖಲಾಸ್, ಆಟ ಬಿಡ್ತಾಳಂತೆ. ನಾನು ಹೇಳಿದ್ರೆ ಕೇಳ್ತಾಳಾ? ಅಮ್ಮ ಅಲ್ವಾ ನಾನು!”

ಮರುದಿನ ಸಂಜೆ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವ ನನ್ನ ಮಗಳ ಮನೆಯ ಹತ್ತಿರದ ಮೈದಾನಕ್ಕೆ ಅವಳು ತನ್ನ ಹುಡುಗಿಯನ್ನು ಕರೆತಂದಳು. ಹನ್ನೊಂದರ ಪೋರಿ. ಹೊಡೆತ ಬ್ಯೂಟಿಫುಲ್! ಆದರೆ ಹೊಡೆದವಳೇ ಬ್ಯಾಟನ್ನು ಎದೆಗವಚಿಕೊಂಡು ಓಡಿದಳು. ಬೇಸ್ ಹತ್ತಿರ ಬರುತ್ತಲೇ ಬಗ್ಗಿ, ಕೈಚಾಚಿ, ಬ್ಯಾಟಿನ ತುದಿಯನ್ನು ನೆಲಕ್ಕೆ ಉಜ್ಜಿದಳು. ನನಗೆ ನಗು ತಡೆಯಲಾಗಲಿಲ್ಲ. ಅಪ್ಪಟ ಕ್ರಿಕೆಟ್! ಬೇಸ್‌ಬಾಲಿನಲ್ಲಿ ನಾಲ್ಕು ಮೂಲೆಗಳ ಬೇಸ್‌ಗಳನ್ನು ಒಂದೊಂದಾಗಿ ಸುತ್ತಿ ಬಂದರೆ ಒಂದು ರನ್; ಚೆಂಡು ಬರುವ ಮೊದಲು ಬೇಸ್ ಮುಟ್ಟಬೇಕಾದದ್ದು ಕಾಲು. ಬ್ಯಾಟ್ ಬರೀ ಭಾರ.

“ಅದನ್ನು ಬಿಸಾಡಿ ಓಡು ಮಾರಾಯ್ತಿ!”

“ಐ ಕಾಂಟ್, ಆಂಟಿ. ಪಾರ್ಕಿಂಗಲ್ಲಿ ಪಪ್ಪನ ಜೊತೆ ಕ್ರಿಕೆಟ್ ಆಡುವಾಗ ಬ್ಯಾಟ್ ಬಿಟ್ರೆ ಬೈತಾರೆ. ಕೈ ಕೇಳುವುದೇ ಇಲ್ಲ.”

ಬೈದರೆ ಕೈ ಇನ್ನಷ್ಟು ಬಿಗಿಯುತ್ತದೆ. ಇಷ್ಟು ವರ್ಷ ಮಕ್ಕಳೊಡನೆ ಕಳೆದು ನಾನು ಕಲಿತದ್ದು ಇಷ್ಟೇ ಇರಬಹುದು. ನಾನು ಬೇಸ್ ದಾಟಿ ನಾಲ್ಕು ಹೆಜ್ಜೆ ಆಚೆ ಹೋಗಿ, ಎರಡೂ ಅಂಗೈಗಳನ್ನು ಚಾಚಿ ನಿಂತೆ. “ಬೇಸ್ ತುಳಿದು ಬಂದು ನನ್ನ ಎರಡು ಕೈಗೂ ಹೊಡಿ. ಒಂದೇ ಕೈಗೆ ಹೊಡೆದ್ರೆ ಮಾಫಿ, ಲೆಕ್ಕಕ್ಕಿಲ್ಲ.”

ಮೊದಲು ಬ್ಯಾಟಿನ ಸಮೇತ ಬಂದು ಪೆಚ್ಚಾಗಿ ನಿಂತಳು. ಐದನೆಯ ಸಲಕ್ಕೆ ಅರ್ಧ ದಾರಿಯಲ್ಲಿ ಬಿಟ್ಟಳು. ಕತ್ತಲಾಗುವಷ್ಟರಲ್ಲಿ ನನ್ನ ಅಂಗೈ ಕೆಂಪಾಗಿತ್ತು.

ಶನಿವಾರ ಬಿಸಿಲೇರುವ ಮೊದಲೇ ಮ್ಯಾಚ್. ಫಸ್ಟ್ ಬೇಸಿನ ಪಕ್ಕ ನಿಂತು ಓಡುವವರಿಗೆ ಸೂಚನೆ ಕೊಡುವ ಕೆಲಸವನ್ನು ತಾಯಿ ನನಗೇ ವಹಿಸಿದ್ದಳು. ಮಗಳ ಸರದಿ ಬಂದಾಗ ಆಚೆ ಬದಿಯಲ್ಲಿದ್ದ ಆಕೆ ಆಟ ನೋಡಲಾರದೆ ನೀರಿನ ಬಾಟಲಿಗಳನ್ನು ಜೋಡಿಸತೊಡಗಿದಳು.

ಎರಡು ಚೆಂಡು ತಪ್ಪಿದವು. ಮೂರನೆಯದು ತಾಗಿತು, ಆದರೆ ಸಪ್ಪೆ ಹೊಡೆತ. ಚೆಂಡು ನೆಲದ ಮೇಲೆ ಉರುಳಿತು. ಬ್ಯಾಟ್ ಬಿತ್ತು. “ರನ್, ಗರ್ಲ್, ರನ್!” ಎಂದು ಕೂಗಿದ್ದು ನಾನೇ ಎಂದು ಆಮೇಲೆ ತಿಳಿಯಿತು. ಹುಡುಗಿ ಬೇಸ್ ತುಳಿದು, ದಾಟಿ, ಫಟ್ಟನೆ ನನ್ನ ಎರಡೂ ಕೈಗೆ ಹೊಡೆದಳು. ಅಂಪೈರ್ ತೋಳುಗಳನ್ನು ಅಗಲಿಸಿ “ಸೇಫ್!” ಎಂದ. ತಾಯಿಯ ಕೈಯಿಂದ ಬಾಟಲಿಗಳು ಉರುಳಿಬಿದ್ದವು.

ಹುಡುಗಿ ಹಿಂದಕ್ಕೆ ನಡೆದು ಬೇಸಿನ ಮೇಲೆ ನಿಂತಳು. ಏದುಸಿರು, ಮುಖವೆಲ್ಲ ಬೆವರು, ಕಣ್ಣು ಅರಳಿದೆ. ನನ್ನತ್ತ ವಾಲಿ ಮೆಲ್ಲಗೆ ಕೇಳಿದಳು:

“ಆಂಟಿ, ಈಗ ಎಂತ ಮಾಡ್ಬೇಕು?”

ದೇವರೇ! ಫಸ್ಟ್ ಬೇಸಿನಿಂದ ಮುಂದಿನದನ್ನು ನಾನು ಹೇಳಿಕೊಟ್ಟೇ ಇರಲಿಲ್ಲ.