ಒಂದು ಫೋನಿಗೆ ಆಗದ ಕೆಲಸ

ಜುಲೈ ತಿಂಗಳಲ್ಲಿ ಮೈ ಕೊರೆಯುವ ಚಳಿ, ದ್ರಾಕ್ಷಿ ಬಳ್ಳಿಯ ಮೇಲೆ ಒಂದೂ ಎಲೆಯಿಲ್ಲ. ತೋಟದ ಕೆಲಸಕ್ಕೆಂದು ಚಿಲಿ ದೇಶಕ್ಕೆ ಬಂದ ಮೊದಲ ದಿನ, ಇಡೀ ತೋಟ ಸತ್ತಿದೆ ಎಂದೇ ತಿಳಿದೆ. ಅಲ್ಲಿಯ ಆಳುಗಳು ಬಳ್ಳಿ ಮಲಗಿದೆ ಎಂದು ಕೈಸನ್ನೆ ಮಾಡಿ ನಕ್ಕರು. ಅಥಣಿ ಕಡೆಯ ನಮ್ಮ ಅನಂತಪುರದಲ್ಲಿ ವರ್ಷಕ್ಕೆರಡು ಸಲ ಚಾಟಣಿ, ಅಂದರೆ ಟೊಂಗೆ ಕತ್ತರಿಸುವುದು. ನಮ್ಮ ಬಳ್ಳಿಗೆ ನಿದ್ದೆಯೇ ಇಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೂ ಕತ್ತರಿ ಹಿಡಿದರೆ ನನಗೆ ಯಾರೂ ಪಾಠ ಹೇಳಬೇಕಿಲ್ಲ.

ಬಾಡಿಗೆ ಕೋಣೆ ಸಿಕ್ಕಿದ್ದು ಎಂಬತ್ತು ದಾಟಿದ ಎಮಿಲಿಯೊ ಎಂಬವರ ಮನೆಯಲ್ಲಿ. ಎಲ್ಲರೂ ಅವರನ್ನು 'ದೋನ್' ಎನ್ನುತ್ತಾರೆ, ನಮ್ಮ 'ಸಾಹೇಬ್ರು' ಇದ್ದಂತೆ. ಸೈನ್ಯ ದೇಶವನ್ನು ಕಿತ್ತುಕೊಂಡಾಗ ಇವರು ಜನ ಆರಿಸಿದ ಶಾಸಕರು. ವಿರೋಧಿಸಿದ್ದಕ್ಕೆ ಜೈಲು, ಆಮೇಲೆ ಗಡಿಪಾರು; ಪರದೇಶದ ಹೋಟೆಲಿನಲ್ಲಿ ತಟ್ಟೆ ತೊಳೆದರಂತೆ. ಸೈನ್ಯ ಇಳಿದ ಮೇಲೆ ಬಂದು ಮತ್ತೆ ಗೆದ್ದರು. ಇಂಥವರ ಬಾಗಿಲಲ್ಲಿ ಒಂದು ಕಾರಿಲ್ಲ, ಹಿಂಬಾಲಕರಿಲ್ಲ. ಬ್ರೆಡ್ ತರಲು ತಾವೇ ಹೋಗುತ್ತಾರೆ. ಇವರು ದೊಡ್ಡವರೋ ಸಣ್ಣವರೋ ನನಗೆ ತಿಳಿಯಲಿಲ್ಲ.

ಇಲ್ಲಿ ಇದ್ದು ದುಡಿಯುವ ನನ್ನ ಪರವಾನಗಿ ಮುಗಿಯಲು ಎಂಟು ದಿನ ಉಳಿದಿತ್ತು. ನವೀಕರಣವಾಗದಿದ್ದರೆ ದೇಶ ಬಿಡಬೇಕು. ಊರಿನಿಂದ ಹೆಂಡತಿ ಫೋನ್ ಮಾಡಿ, "ಮನ್ಯಾಗ ಪುಢಾರಿ ಇದ್ದಾಗ ಯಾಕ ಒದ್ದಾಡ್ತೀರಿ? ಒಂದು ಫೋನ್ ಮಾಡಸ್ರಿ," ಎಂದಳು. ನಾನು ಕೈಮುಗಿದು ಕೇಳಿದೆ. ದೋನ್ ಒಪ್ಪಲಿಲ್ಲ. ನನ್ನ ಅರೆಬರೆ ಸ್ಪ್ಯಾನಿಶ್‌ಗೆ ದಕ್ಕಿದ್ದಿಷ್ಟು: "ಸೈನಿಕರು ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ಒಯ್ದದ್ದೂ ಒಂದು ಫೋನ್ ಮಾತಿನಿಂದಲೇ. ಫೋನ್ ಮಾಡೋದಿಲ್ಲ. ಜೊತೆಗೆ ಬರ್ತೀನಿ."

ಮರುದಿನ ಪರವಾನಗಿ ಕಚೇರಿಯಲ್ಲಿ ಸಿಕ್ಕ ಪಾಳಿ ಚೀಟಿಯ ನಂಬರು ಅರವತ್ತೊಂದು. ಅಧಿಕಾರಿಯೊಬ್ಬ ದೋನ್ ಅವರನ್ನು ಗುರುತು ಹಿಡಿದು ಓಡಿಬಂದು ಒಳಗೆ ಕರೆದ. ನಾನು ಎದ್ದೇ ಬಿಟ್ಟೆ. ಅವರು ನನ್ನ ತೋಳು ಹಿಡಿದು ಕೂರಿಸಿ, ನಮಗಿಂತ ಮುಂದೆ ಕೂಸು ಎತ್ತಿಕೊಂಡು ನಿಂತಿದ್ದ ಹೆಂಗಸಿನತ್ತ ಕೈ ತೋರಿಸಿದರು. ಐವತ್ತೆಂಟನೇ ಚೀಟಿಗೆ ಆ ದಿನದ ಕಿಟಕಿ ಮುಚ್ಚಿತು.

ಮರಳುವ ಬಸ್ಸಿನಲ್ಲಿ ನನಗೆ ಬಂದದ್ದು ಸಿಟ್ಟೋ ನಾಚಿಕೆಯೋ ಗೊತ್ತಾಗಲಿಲ್ಲ. ಮುದುಕರು ಪಕ್ಕದಲ್ಲಿ ತೂಕಡಿಸುತ್ತಿದ್ದರು. ಹೆಂಡತಿಯ ಫೋನ್ ಬಂತು.

"ಆತೇನ್ರಿ?"

"ನಾಳೆ ಮತ್ತ ಹೋಗೂದು."

"ಅಂಥಾ ಮನಷ್ಯಾನ ಕರ್ಕೊಂಡು ಹೋಗಿ ಬರೇ ಕೈಲೆ ಬಂದ್ರಿ? ಭಾರಿ ಪುಢಾರಿನ್ನ ಹಿಡದೀರಿ ಬಿಡ್ರಿ!"

ಅವಳ ನಗು ಚುಚ್ಚಿತು. "ನಮ್ಮ ಕಡೆ ಹಂಗ ನಡ್ಯಾಂಗಿಲ್ಲ. ಪಾಳಿ ಬಂದಾಗ ಒಳಗ ಬಿಡ್ತಾರ," ಎಂದುಬಿಟ್ಟೆ.

ಅವಳು ಮೆಲ್ಲಗೆ ಕೇಳಿದಳು: "ನಮ್ಮ ಕಡೆ ಅಂದ್ರ ಯಾವ ಕಡೇರಿ?"

ನೆಟ್‌ವರ್ಕ್ ಇಲ್ಲ ಎಂದು ಹೇಳಿ ಫೋನ್ ಇಟ್ಟೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.