ಮೌಸಿನ ಬೆನ್ನಿಗೆ ವಿಭೂತಿ

ದೇವರ ಮನೆಯ ದೀಪದ ಕಂಬಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತಿದ್ದೆ. ಒಂದು ಕಂಬ ಮುಗಿದಿತ್ತು, ಇನ್ನೊಂದಕ್ಕೆ ಹುಳಿ ಬಳಿದಿದ್ದೆ, ಅಷ್ಟರಲ್ಲಿ ಭದ್ರಾವತಿಯ ಕಂಪ್ಯೂಟರ್ ಅಂಗಡಿಯಿಂದ ಫೋನ್ ಬಂತು. "ನಿಮ್ಮ ಮೌಸಿಗೆ ವಾರಂಟಿ ಸಿಗಲ್ಲಮ್ಮ. ಒಳಗೆ ವಿಭೂತಿ ಹೋಗಿದೆ."

ಆ ಮೌಸು ನನ್ನ ಸೊಸೆಯದು. ಗೋಪಾಳದ ನಮ್ಮ ಮನೆಯಲ್ಲೇ ಕೂತು ನವುಲೆಯ ಒಂದು ಪ್ರೆಸ್ಸಿಗೆ ಲಗ್ನಪತ್ರಿಕೆ ಮಾಡಿಕೊಡುತ್ತಾಳೆ. ಹದಿನೈದು ದಿನದಿಂದ ಎಡಗಡೆ ಬಟನ್ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಆಗುತ್ತಿತ್ತು. ವಧುವಿನ ಹೆಸರು ಎಲ್ಲೋ ಹಾರಿ, ಊಟದ ಸಮಯದ ಪಕ್ಕ ಹೋಗಿ ಕೂರುತ್ತಿತ್ತು. ಪತ್ರಿಕೆ ತಡವಾದರೆ ಈ ಮದುವೆ ಸೀಸನ್ನಿನ ಕೆಲಸವನ್ನೆಲ್ಲ ಬೇರೆಯವರಿಗೆ ಕೊಡ್ತೀನಿ ಅಂತ ಪ್ರೆಸ್ಸಿನವರು ಹೇಳಿಬಿಟ್ಟಿದ್ದರು. ಅದಕ್ಕೇ ಮೌಸನ್ನು ಕೊಂಡ ಅಂಗಡಿಗೇ ವಾರಂಟಿಗೆ ಕೊಟ್ಟಿದ್ದೆವು.

ವಿಭೂತಿ ಹಚ್ಚಿದವಳು ನಾನೇ. ಆಯುಧಪೂಜೆಯ ದಿನ ಒನಕೆ, ಮಿಕ್ಸಿ, ಸ್ಕೂಟರ್ ಎಲ್ಲಕ್ಕೂ ಮೂರು ಬೆರಳು ಎಳೆದೆ. ಮನೆಗೆ ಅನ್ನ ತರುವ ಮೌಸನ್ನು ಬಿಡುವುದುಂಟೆ?

"ಆಯ್ತಲ್ಲ ಮಾರಾಯ್ತಿ, ಪೂಜೆ ಮಾಡಿ ಮೌಸನ್ನೇ ಕೈಲಾಸಕ್ಕೆ ಕಳಿಸಿದೆ" ಅಂದರು ಯಜಮಾನರು. ಸೊಸೆ ನನ್ನ ಕೈಯ ಕಡೆ ಒಮ್ಮೆ ನೋಡಿ ಕಂಪ್ಯೂಟರ್ ಆರಿಸಿದಳು. ಅದೇ ಹೆಚ್ಚು ಚುಚ್ಚಿತು. ಕೈ ತೊಳೆದು ಸೆರಗು ಸಿಕ್ಕಿಸಿ ಹೊರಟೆ.

ಬಿಲ್ಲನ್ನು ದೇವರ ಪಟದ ಹಿಂದೆ ಇಟ್ಟಿದ್ದೆ. ಆ ನುಣುಪು ಕಾಗದದ ಅಕ್ಷರ ಬೆಳಕಿಗೆ ಅಳಿಸಿಹೋಗುತ್ತದೆ. ಪಟದ ಕತ್ತಲಲ್ಲಿ ತಾರೀಕು ಸ್ಪಷ್ಟವಾಗಿ ಉಳಿದಿತ್ತು, ಮೂರು ವರ್ಷದ ವಾರಂಟಿಯಲ್ಲಿ ಅರ್ಧ ಕೂಡ ಮುಗಿದಿರಲಿಲ್ಲ. ಅದು ಶಿವನ ಒಂದು ಕೃಪೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಎರಡನೆಯದು.

ಅಂಗಡಿಯವನು ಮೌಸನ್ನು ನನ್ನ ಮುಂದೆ ತಳ್ಳಿದ. "ಕೆಳಗೆ ಬಿದ್ದಿದ್ದು, ನೀರು, ಪೌಡರ್ ಹೋಗಿದ್ದು ಇದಕ್ಕೆಲ್ಲ ಕಂಪನಿ ಕೊಡಲ್ಲಮ್ಮ. ತಯಾರಿಯಲ್ಲೇ ದೋಷ ಇದ್ರೆ ಮಾತ್ರ."

"ಸರಿ. ಬಿಚ್ಚಿ ತೋರಿಸು, ವಿಭೂತಿ ಎಲ್ಲಿದೆ?"

"ಬಿಚ್ಚಿದ್ರೆ ವಾರಂಟಿ ಹೋಗತ್ತೆ."

"ಹಾಗಾದ್ರೆ ಬಿಚ್ಚದೇ ಒಳಗಿರೋದು ನಿನಗೆ ಹೇಗಪ್ಪ ಕಾಣಿಸ್ತು? ಮೂರನೇ ಕಣ್ಣಿದೆಯಾ?"

ಪಕ್ಕದಲ್ಲಿ ಚಾರ್ಜರ್ ಕೊಳ್ಳಲು ನಿಂತವರು ಕಿಸಕ್ಕನೆ ನಕ್ಕರು. ನಾನು ನಗಲಿಲ್ಲ. ಅವನ ಬಿಲ್ ಹೊಡೆಯುವ ಪ್ರಿಂಟರ್ ತೋರಿಸಿದೆ. ಅದರ ನೆತ್ತಿಯ ಮೇಲೂ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಒಣಗಿದ ಚೆಂಡುಹೂವಿನ ಎಸಳು.

"ಅದು ಕೆಟ್ಟರೆ ನೀನೂ ಶಿವನ ಮೇಲೆ ಹಾಕ್ತೀಯಾ? ನಾನು ಹಚ್ಚಿದ್ದು ಬೆನ್ನಿಗೆ, ಒಣ ವಿಭೂತಿ. ಕೆಟ್ಟಿರೋದು ಬಟನ್ನು. ಒತ್ತಿ ನೋಡು."

ಅವನು ವೈರ್ ಸಿಕ್ಕಿಸಿ ಒತ್ತಿದ. ಪರದೆಯ ಮೇಲೆ ಒಂದಕ್ಕೆ ಎರಡು ಬಿತ್ತು. ಹತ್ತು ಸಲ ಒತ್ತಿದರೆ ಏಳು ಸಲ ಹಾಗೇ. ಆಮೇಲೆ ದನಿ ತಗ್ಗಿಸಿ, "ಸ್ವಿಚ್ ಸವೆದಿದೆ ಅಕ್ಕ. ಇಷ್ಟು ಬೇಗ ಹೋದ್ರೆ ಅದು ತಯಾರಿ ದೋಷನೇ. ಕಂಪನಿಗೆ ಕಳಿಸ್ತೀನಿ" ಅಂದ.

'ಅಮ್ಮ' ಹೋಗಿ 'ಅಕ್ಕ' ಬಂತು. ಅದನ್ನೂ ಕೃಪೆಗೆ ಸೇರಿಸಿದೆ.

ಬರೀ ಬಾಯಿಮಾತು ನಂಬಿ ಬರಲಿಲ್ಲ. ತಗೊಂಡ ತಾರೀಕು, ದೋಷ ಏನು, ಎಲ್ಲ ಬರೆಸಿಕೊಂಡೆ. ಬದಲಿ ಮೌಸು ಬಂದರೂ ವಾರಂಟಿ ಹೊಸದಾಗಿ ಶುರುವಾಗಲ್ಲ, ಹಳೇ ತಾರೀಕಿನಿಂದಲೇ ಲೆಕ್ಕ ಅಂದ. ಅದನ್ನೂ ಬರಿ ಅಂದೆ. ಅಲ್ಲಿಯವರೆಗೆ ಕೆಲಸ ನಿಲ್ಲಬಾರದು ಅಂತ ಅವನ ಮೇಜಿನ ಹಳೇ ಮೌಸನ್ನೇ ಕೇಳಿ ತಂದೆ.

ಸೊಸೆ ಅದನ್ನು ಸಿಕ್ಕಿಸಿ ಒತ್ತಿದಳು. ಒಂದಕ್ಕೆ ಒಂದೇ. ವಧು ತನ್ನ ಜಾಗದಲ್ಲಿ ನಿಂತಳು. "ಅತ್ತೆ, ವಿಭೂತಿ ಅಂತ ನಾನೂ ಅಂದ್ಕೊಂಡಿದ್ದೆ" ಅಂದಳು ಮೆಲ್ಲಗೆ.

"ಗೊತ್ತಿತ್ತು ಕಣೆ."

"ಬರೋ ವರ್ಷದ ಪೂಜೇಲಿ ಮೌಸಿಗೆ ರಜಾ ತಾನೇ?" ಯಜಮಾನರು ಒಳಗಿಂದ ಕೂಗಿದರು.

"ಹಚ್ತೀನಿ. ಬೆನ್ನಿಗೇ ಹಚ್ತೀನಿ."

ಇನ್ನೊಂದು ದೀಪದ ಕಂಬದ ಮೇಲೆ ಹುಳಿ ಒಣಗಿ ಕಪ್ಪಾಗಿ ಕೂತಿತ್ತು. ನೀರು ಚಿಮುಕಿಸಿ, ತೆಂಗಿನ ನಾರು ತಗೊಂಡು ತಿಕ್ಕಲು ಕೂತೆ.